ಸಾಕ್ಷಿಗೆ ಒಂದು ಡಬ್ಬಿ ಹಿಟ್ಟು

ಡೊಂಬಿವಲಿಯ ಮಾನ್ಪಾಡಾ ರಸ್ತೆಯಲ್ಲಿ ಗಾಲಾ ಶೇಠರು
ಗ್ರೈಂಡರಿಗೆ ಕುಂಕುಮ ಹಚ್ಚಿಯೇ ಕೊಟ್ಟರು.
ಎರಡು ಲೀಟರಿನದು, ಐದು ವರ್ಷದ ಗ್ಯಾರಂಟಿ.
ಕಾರ್ಡಿಗೆ ಮೊಹರು ಹಾಕಿ ಎಂದೆ.
"ಹಾಕೋಣ ಬೆನ್, ಮೊಹರು ಎಲ್ಲಿ ಓಡಿಹೋಗುತ್ತದೆ?"
ನಕ್ಕರು. ನಾನೂ ನಕ್ಕೆ.
ನಗಬಾರದಿತ್ತು.

ಮೂರನೇ ದಿನ ಬೆಳಿಗ್ಗೆ ನಾಲ್ಕಕ್ಕೆ
ರಬ್ಬರು ಸುಟ್ಟ ವಾಸನೆ.
ಕಲ್ಲು ಒಂದು ಸುತ್ತು ಬಂದು ಯೋಚಿಸುತ್ತದೆ,
ಇನ್ನೊಂದು ಸುತ್ತಿಗೆ ಮನಸ್ಸು ಮಾಡುವುದಿಲ್ಲ.
ಬಂದಷ್ಟು ಹಿಟ್ಟಿನಲ್ಲೂ ಬೂದು ಬಣ್ಣದ ಪುಡಿ,
ಹಲ್ಲಿಗೆ ಸಿಕ್ಕರೆ ಕರ್ ಎನ್ನುವಂಥದು.
ಮೊದಲು ದೂರಿದ್ದು ಮೂರನೇ ಮಹಡಿಯ ಕರ್ಮರ್ಕರ್ ಅಜ್ಜಿ,
ಕಟ್ಟಿಸಿದ ಹಲ್ಲಿನವಳು:
"ವಾರಿಜಾ, ಇಡ್ಲಿಯಲ್ಲಿ ಇದೇನೇ, ಚೌಪಾಟಿಯ ಮರಳೆ?"

ಕಂಪನಿಗೆ ಫೋನು ಮಾಡಿದೆ. ಹಿಂದಿಗೆ ಎರಡು ಒತ್ತಿ.
ಒತ್ತಿದೆ. ದೂರಿಗೆ ನಾಲ್ಕು ಒತ್ತಿ. ಒತ್ತಿದೆ.
ಆಮೇಲೆ ಕೊಳಲು.
ಆ ಕೊಳಲು ಎಷ್ಟು ಕೇಳಿದ್ದೇನೆಂದರೆ
ಉದ್ದು ತೊಳೆಯುವಾಗ ಈಗಲೂ ಬಾಯಲ್ಲಿ ಬರುತ್ತದೆ.
ಒಬ್ಬ ಹುಡುಗ ಬಂದ, ಬೆಲ್ಟು ಬದಲಿಸಿದ, ಫೋಟೋ ತೆಗೆದ.
ಇನ್ನೊಬ್ಬ ಬಂದ, ವೋಲ್ಟೇಜು ಎಂದ.
ಮೂರನೆಯವನು ನನ್ನನ್ನೇ ದಿಟ್ಟಿಸಿದ:
"ಅಕ್ಕಿ ಎಷ್ಟು ಹೊತ್ತು ನೆನೆಸುತ್ತೀರಿ?"
ಮೂವತ್ತೊಂದು ವರ್ಷ ಅಕ್ಕಿ ನೆನೆಸಿದವಳಿಗೆ!

ಬಿಲ್ಲು ಮಾತ್ರ ದಿನದಿನಕ್ಕೆ ಬೆಳ್ಳಗಾಗುತ್ತಿತ್ತು,
ನೆನೆದ ಉದ್ದಿನ ಸಿಪ್ಪೆ ಕಳಚಿದ ಹಾಗೆ,
ಮೊದಲು ತಾರೀಖು, ಆಮೇಲೆ ಅಂಗಡಿಯ ಹೆಸರು.
ಝೆರಾಕ್ಸಿನ ತಾಂಬೆ ಬೆಳಕಿಗೆ ಹಿಡಿದು ನೋಡಿದ:
"ಈ ಕಾಗದಕ್ಕೆ ಮರೆವು ಜಾಸ್ತಿ. ಇವತ್ತೇ ನಕಲು ತೆಗೆಸಿ."
ಆರು ಪ್ರತಿ. ಹನ್ನೆರಡು ರೂಪಾಯಿ.
ನನ್ನ ಮೊದಲ ವಕೀಲ ಅವನೇ.

ಠಾಣೆಯ ಗ್ರಾಹಕ ಆಯೋಗಕ್ಕೆ ಹೋದ ದಿನ
ಸ್ಟೀಲಿನ ಡಬ್ಬಿಯಲ್ಲಿ ಹಿಟ್ಟು ಒಯ್ದೆ, ಸಾಕ್ಷಿಗೆ.
ಸ್ಲೋ ಲೋಕಲು, ಮೇ ತಿಂಗಳು, ದಿವಾದಲ್ಲಿ ಸಿಗ್ನಲು.
ಸಾಕ್ಷಿಯಾದರೇನು, ಹಿಟ್ಟು ಹುಳಿಬರುವುದು ಬಿಡುತ್ತದೆಯೆ?
ಮುಂಬ್ರಾ ದಾಟುವಾಗ ಮುಚ್ಚಳ ಎತ್ತಿತು,
ಕಳ್ವಾದಲ್ಲಿ ನನ್ನ ಮಡಿಲಿಗೆ ಇಳಿಯಿತು.
ಗೋರಿಕಾಯಿ ಮುರಿಯುತ್ತಿದ್ದ ಪಕ್ಕದವಳು
ತನ್ನ ಸಿಪ್ಪೆ ಕೊಡವಿ ಪೇಪರು ಕೊಟ್ಟಳು, ಒರೆಸಿಕೊಳ್ಳಲು.

ಡಬ್ಬಿಯನ್ನು ಅಲ್ಲಿ ಯಾರೂ ತೆರೆಸಲಿಲ್ಲ.
ಕಂಪನಿಯ ವಕೀಲ ಎದ್ದ, ಹೊಸ ಕೋಟು:
"ಈಕೆ ಗ್ರಾಹಕಳೇ ಅಲ್ಲ. ಹಿಟ್ಟು ಮಾರುತ್ತಾಳೆ. ವ್ಯಾಪಾರಿ."
ವ್ಯಾಪಾರಿ!
ಸಂಜೆಗೆ ಹದಿನಾಲ್ಕು ಪೊಟ್ಟಣ, ಒಂದಕ್ಕೆ ನಲವತ್ತು,
ಅದರಲ್ಲೇ ಗ್ಯಾಸು, ಅದರಲ್ಲೇ ಕರೆಂಟು, ಅದರಲ್ಲೇ
ಮಗಳ ಐಟಿಐ ಫೀಸು, ಗಂಡನ ಸಕ್ಕರೆಯ ಮಾತ್ರೆ.
ಎರಡು ಕ್ಷಣ ನನಗೆ ನನ್ನ ಮೇಲೇ ಗೌರವ ಬಂತು.
ಆಮೇಲೆ ಭಯ.

ಅಧ್ಯಕ್ಷೆ ಕನ್ನಡಕ ಇಳಿಸಿ ಮರಾಠಿಯಲ್ಲಿ ಕೇಳಿದರು,
"ಆಳು ಎಷ್ಟು ಜನ ಇಟ್ಟಿದ್ದೀರಿ?"
ಎರಡೂ ಕೈ ಎತ್ತಿ ತೋರಿಸಿದೆ.
ಬೆರಳ ಸಂದಿಯಲ್ಲಿ ರೈಲಿನ ಹಿಟ್ಟು ಒಣಗಿತ್ತು.
ಹೊಟ್ಟೆಪಾಡಿಗೆ ತಾನೇ ದುಡಿಯುವವಳು ಕೊಂಡರೆ
ಅವಳೂ ಗ್ರಾಹಕಳೇ ಎಂದು ಕಾಯಿದೆಯಲ್ಲೇ ಇದೆಯಂತೆ,
ಸಣ್ಣ ಅಕ್ಷರದಲ್ಲಿ.
ಸಣ್ಣ ಅಕ್ಷರ ನಮ್ಮ ಪರವಾಗಿಯೂ ಇರುತ್ತದೆಂದು
ಯಾರಾದರೂ ಮೊದಲೇ ಹೇಳಬಾರದೆ?

ಇನ್ನೂ ಐದು ತಾರೀಖು ಬಿದ್ದವು. ಒಂದರಲ್ಲಿ ಬರೀ ಫ್ಯಾನು ತಿರುಗಿತು.

ಕೊನೆಗೆ ಹಣ ಬಂತು, ಬಡ್ಡಿ ಸಮೇತ,
ಮಾನಸಿಕ ಯಾತನೆಗೆ ಎರಡು ಸಾವಿರ.
ಅದರಲ್ಲಿ ಕೊಳಲಿಗೆ ಎಷ್ಟು, ಕರ್ಮರ್ಕರ್ ಅಜ್ಜಿಯ ಹಲ್ಲಿಗೆ ಎಷ್ಟು,
ವಿಂಗಡಿಸಿರಲಿಲ್ಲ.

ನಿನ್ನೆ ಶೇಠರ ಹುಡುಗ ಬಂದ, ಗ್ರೈಂಡರು ಒಯ್ಯಲು.
ನಾಲ್ಕನೇ ಮಹಡಿ, ಲಿಫ್ಟು ಇಲ್ಲ.
ಹೆಗಲಿಗೆ ಏರಿಸಿಕೊಂಡೇ ಕಾಗದ ಚಾಚಿದ:
"ಇಲ್ಲೊಂದು ಸಹಿ, ಮಾವ್ಶಿ. ಏನಿಲ್ಲ, ಸುಮ್ಮನೆ."
ಕನ್ನಡಕ ಹುಡುಕಿದೆ. ಫ್ರಿಜ್ಜಿನ ಮೇಲಿತ್ತು.
ಮೊದಲ ಸಾಲಿನಿಂದ ಓದತೊಡಗಿದೆ.
ಹಾಳೆ ತಿರುವಿದರೆ ಹಿಂದೆಯೂ ಇತ್ತು.
"ಇಳಿಸು ಮಗಾ," ಎಂದೆ, "ಹೊತ್ತಾಗುತ್ತದೆ. ನೀರು ಕುಡಿ."