ಪರವಾಗಿಲ್ಲ ಅಂದೆ

ನಿರ್ದೇಶಕರೇ,
ಬಳ್ಳಾರಿ, ಕಲ್ಯಾಣಿ ಟಾಕೀಸು, ಬಾಲ್ಕನಿ,
ಶುಕ್ರವಾರ ಸೆಕೆಂಡ್ ಶೋ.
ಫ್ಯಾನಿನ ಕೆಳಗಿನ ಸೀಟಿಗಾಗಿ
ಅರ್ಧ ತಾಸು ಮೊದಲೇ ಹೋಗಿ ಕೂತವರು ನಾವು,
ನಾನು, ನನ್ನ ಹೆಂಡತಿ ತಿಪ್ಪಮ್ಮ,
ಅವಳ ಸೆರಗಿನೊಳಗೆ ಒಗ್ಗರಣೆ-ಮಿರ್ಚಿಯ ಪೊಟ್ಟಣ.
ಗೇಟಿನವನಿಗೆ ವಾಸನೆ ಬಡಿಯಿತು,
ನಿಮ್ಮ ಸಿನಿಮಾ ಅಂತ ಬಿಟ್ಟ.

ನಾನು ಗಾದಿಲಿಂಗಪ್ಪ, ಕಟಿಂಗ್ ಮಾಸ್ತರ್.
ಇಪ್ಪತ್ತಾರು ವರ್ಷದಿಂದ ಜೀನ್ಸ್ ಬಟ್ಟೆಗೆ ಕತ್ತರಿ ಹಾಕುತ್ತಿದ್ದೇನೆ,
ಉಗುರಿನ ನೀಲಿ ಹಬ್ಬಕ್ಕೂ ಬಿಡುವುದಿಲ್ಲ.
ನಿಮ್ಮ ಹೀರೋ ತೊಟ್ಟ ಹರಕು ಪ್ಯಾಂಟು
ನಮ್ಮ ಓಣಿಯದೇ. ಮೊಣಕಾಲು ಹರಿಯುವ ಹುಡುಗ ಗೊತ್ತು ನನಗೆ,
ಕಾಲಿಗೆ ಒಂದೂವರೆ ರೂಪಾಯಿ ಅವನಿಗೆ.
ತೆರೆಯ ಮೇಲೆ ಅದು ಇಟಲಿಯದಾಗಿತ್ತು.
ನಕ್ಕೆ. ಅವತ್ತು ನಾನು ನಕ್ಕಿದ್ದು ಅದೊಂದಕ್ಕೇ,
ಅದು ನೀವು ನಗಿಸಬೇಕೆಂದಿದ್ದ ಜಾಗವಲ್ಲ.

ನಗಬೇಕಾದಲ್ಲೆಲ್ಲ
ಟುಂಯ್ ಅಂತ ಒಂದು ಸದ್ದು ಹಾಕಿಸಿದ್ದಿರಿ.
ನಾಯಕಿ ಮೂರು ಸಲ ಜಾರಿದಳು:
ಒಮ್ಮೆ ಕೇಕಿನ ಮೇಲೆ, ಒಮ್ಮೆ ಅವನ ಮೇಲೆ,
ಇನ್ನೊಮ್ಮೆ ಏನಿತ್ತೋ ಅಲ್ಲಿ ಕಾಣಲಿಲ್ಲ.
ಗೆಳೆಯ ದಪ್ಪಗಿದ್ದ, ಅಷ್ಟೇ ಅವನ ಜೋಕು.
ಪ್ರೀತಿ ಹುಟ್ಟುವ ಹೊತ್ತಿಗೆ ಮಳೆ ಬಂತು,
ಟ್ಯಾಂಕರಿನ ಮಳೆ. ಇಬ್ಬರ ನೆರಳೂ
ನೆಲದ ಮೇಲೆ ಕಡ್ಡಿ ಗೀರಿದ ಹಾಗೆ ಬಿದ್ದಿತ್ತು.
ಬಳ್ಳಾರಿಯವರಿಗೆ ಬಿಸಿಲಿನ ಗುರುತು ಸಿಗಲಾರದೇ ಸ್ವಾಮಿ?

ಬೈಯಲು ಬರೆಯುತ್ತಿಲ್ಲ.
ನಿಮ್ಮ ಮೊದಲ ಚಿತ್ರ ಬಂದಾಗ ನನಗೆ ಇಪ್ಪತ್ತಮೂರು,
ಆಗಷ್ಟೇ ಕತ್ತರಿ ಹಿಡಿದಿದ್ದೆ.
ಒಂದು ರೈಲ್ವೆ ಗೇಟು. ಆ ಕಡೆ ಅವಳು,
ಈ ಕಡೆ ಸೈಕಲ್ಲು ಹಿಡಿದು ಅವನು.
ಅದಿರಿನ ಗೂಡ್ಸ್ ಬಂತು. ನೀವು ಕತ್ತರಿಸಲಿಲ್ಲ.
ಒಂದೊಂದೇ ಡಬ್ಬಿ, ಒಂದೊಂದೇ ಡಬ್ಬಿ,
ಮುಂದಿನ ಬೆಂಚಿನವರು ಸಿಳ್ಳೆ ಹೊಡೆದರು, ಕುರ್ಚಿ ಗುದ್ದಿದರು,
ಆಮೇಲೆ ಯಾಕೋ ಸುಮ್ಮನಾದರು.
ಐವತ್ತೆಂಟು ಡಬ್ಬಿ, ಎಣಿಸಿದ್ದೇನೆ.
ಗಾಡಿ ಮುಗಿದಾಗ ಅವಳಿರಲಿಲ್ಲ,
ಕೆಂಪು ಧೂಳು ಇನ್ನೂ ಇಳಿಯುತ್ತಿತ್ತು.

ಮರುದಿನ ಹೋಗಿ ತಿಪ್ಪಮ್ಮನನ್ನು ಕೇಳಿಯೇಬಿಟ್ಟೆ,
ಗುಂಡಿ ಹಚ್ಚುವ ಮಿಷನ್ನಿನ ಮುಂದೆ, ಎಲ್ಲರೆದುರಿಗೆ,
ಯಾವ ಗಾಡಿಯೂ ನಡುವೆ ಬರುವ ಮುಂಚೆ.
'ತಲೆ ಕೆಟ್ಟೈತೇನು?' ಅಂದಳು,
ಮಿಷನ್ನು ನಿಲ್ಲಿಸಲಿಲ್ಲ.
ಎಂಟು ದಿನ ಬಿಟ್ಟು ಹೂಂ ಅಂದಳು.

ಅಂಥ ನೀವು ಈಗ
ಏರ್‌ಪೋರ್ಟಿನಲ್ಲಿ ಹುಡುಗನನ್ನು ಓಡಿಸಿದಿರಿ.
ಹಾರಿದ ವಿಮಾನ, ಪಿಟೀಲು ಕೇಳಿ
ತಿರುಗಿ ಬಂತು.
ಹೊರಟದ್ದು ಹೊರಟಿತೆಂದು
ನಮಗೆ ಕಲಿಸಿದವರು ಯಾರು ಮತ್ತೆ?

ಒಂದು ಸಲ ನಾನೂ
ನೂರಿಪ್ಪತ್ತು ಪದರದ ಥಪ್ಪಿಯನ್ನು
ಸೊಂಟದ ಹತ್ತಿರ ಅರ್ಧ ಇಂಚು ತಪ್ಪಿ ಕೊಯ್ದೆ.
ಕೈ ಅದೇ, ಕತ್ತರಿ ಅದೇ, ಸೀಮೆಸುಣ್ಣದ ಗೆರೆಯೂ ನೆಟ್ಟಗಿತ್ತು.
ಮಾಲೀಕ ಕಾರಣ ಕೇಳಲಿಲ್ಲ, ನಾನು ಹೇಳಲಿಲ್ಲ.
ನೂರಿಪ್ಪತ್ತೂ ಪ್ಯಾಂಟು
ಸಂತೆಯಲ್ಲಿ ಗುಡ್ಡೆ ಹಾಕಿ ಮಾರಿಹೋದವು.
ಎಷ್ಟೋ ದಿನ ಬಸ್‌ಸ್ಟ್ಯಾಂಡಿನಲ್ಲಿ
ಸೊಂಟ ಎಳೆದುಕೊಳ್ಳುವವರನ್ನು ಕಂಡರೆ
ಮುಖ ತಿರುಗಿಸುತ್ತಿದ್ದೆ.

ಒಂದು ಜಾಗ ಹೇಳಿಬಿಡುತ್ತೇನೆ.
ಲಿಫ್ಟಿನೊಳಗೆ ಆ ಹುಡುಗಿ ಒಬ್ಬಳೇ.
ಕನ್ನಡಿ ಇತ್ತು, ನೋಡಿಕೊಳ್ಳಲಿಲ್ಲ.
ಒಂಟಿಕಾಲಲ್ಲಿ ನಿಂತು
ಚಪ್ಪಲಿಯೊಳಗಿನ ಹರಳು ಕೊಡವಿದಳು.
ಟುಂಯ್ ಇಲ್ಲ, ಪಿಟೀಲಿಲ್ಲ, ನಾಲ್ಕೇ ಸೆಕೆಂಡು.
ತಿಪ್ಪಮ್ಮ ಮೊಣಕೈಯಿಂದ ತಿವಿದು
'ಇದು ಅವರದ್ದು' ಅಂದಳು.
ಆಮೇಲೆ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು,
ವಿಮಾನ ತಿರುಗಿ ಬಂದದ್ದು ಅವಳಿಗೆ ಗೊತ್ತಿಲ್ಲ.

ಹೊರಗೆ ಒಂದೂವರೆ ರಾತ್ರಿ.
ಬಂಡೆಗುಡ್ಡ ಇನ್ನೂ ಹಗಲಿನ ಕಾವು ಉಗುಳುತ್ತಿತ್ತು.
ಆಟೋದವನು ಕೇಳಿದ,
'ಹೆಂಗೈತಣ್ಣ ಪಿಚ್ಚರು?'
ಪರವಾಗಿಲ್ಲ ಅಂದೆ.
ತಿಪ್ಪಮ್ಮ ತೊಡೆ ಚಿವುಟಿದಳು,
ನಿದ್ದೆಗಣ್ಣಲ್ಲೇ.

ಮನೆಯವರನ್ನು ಹೊರಗಿನವರೆದುರು
ಬಿಟ್ಟುಕೊಡಬಾರದು ನೋಡಿ.
ಅದಕ್ಕೆ ನಿಮಗೊಬ್ಬರಿಗೇ ಬರೆದೆ.