ಬಾಗಲಾ ಹಾಕೋ ಹಬ್ಬ

ವಾಡಿ ಜಂಕ್ಷನ್ನಿನ ರೈಲ್ವೆ ಕಾಲೊನಿಯಲ್ಲಿ
ಹಗಲು ಹೊತ್ತು ಬಾಗಿಲು ಮುಚ್ಚಿತೆಂದರೆ
ಒಂದೋ ವರ್ಗಾವಣೆ, ಒಂದೋ ಜಗಳ.
ಉಳಿದಂತೆ ತೆರೆದೇ ಇರುತ್ತಿದ್ದವು,
ಸಿಮೆಂಟಿನ ಧೂಳಿಗೆ, ಕೋಳಿಗಳಿಗೆ,
ಬಟ್ಟಲು ಹಿಡಿದು ಸಕ್ಕರೆಗೆ ಬಂದ ನನಗೆ.

ಪೆಂಕರ್ ಗಾರ್ಡರ ಮನೆ ಮಾತ್ರ
ವರ್ಷಕ್ಕೊಂದು ದಿನ, ಯಾವ ಜಗಳವೂ ಇಲ್ಲದೆ,
ಒಳಗಿನಿಂದ ಅಗಳಿ ಹಾಕಿಕೊಳ್ಳುತ್ತಿತ್ತು.
ಕೆತೂರಾಬಾಯಿ ತಮ್ಮ ಮರಾಠಿಯಲ್ಲಿ
'ದಾರ್ ಫಾಳ್ಣೀಚಾ ಸಣ' ಎನ್ನುತ್ತಿದ್ದರು.
ಅವ್ವ ಅದನ್ನು ನಮ್ಮ ಓಣಿಗೆ ತಂದಳು:
ಬಾಗಲಾ ಹಾಕೋ ಹಬ್ಬ.

ವಾರ ಮೊದಲೇ ಬಿಳಿ ಬಟ್ಟೆಗಳಿಗೆ ನೀಲಿ, ಗಂಜಿ.
ಶಹಾಬಾದ್ ಫರಸಿಯನ್ನು ಉಜ್ಜಿದ್ದೇ ಉಜ್ಜಿದ್ದು,
ಕಲ್ಲಿಗೂ ತಪ್ಪು ಒಪ್ಪಿಕೊಳ್ಳಲು ಇತ್ತೇನೋ ಎಂಬಂತೆ.
ಹಿಂದಿನ ದಿನ ಹಂಡೆಯ ಬಿಸಿನೀರು,
ಅದರ ಬೆನ್ನಿಗೇ ತಣ್ಣೀರು.
ಸೆಗುಲ್ಲಾಳ ಹಲ್ಲು ಕಟಕಟಿಸುವುದು
ಗೋಡೆಯಾಚೆ ನಮಗೆ ಕೇಳುತ್ತಿತ್ತು.

ಅವರ ಗುಡಿ ಇದ್ದದ್ದು ಪುಣೆಯಲ್ಲಿ.
ಕೂಡಿ ಪ್ರಾರ್ಥಿಸಲು ಹತ್ತು ಗಂಡಸರು ಬೇಕಂತೆ.
ವಾಡಿಯಲ್ಲಿ ಇದ್ದವರು ಪೆಂಕರ್, ಮತ್ತೆ
ಎಂಟು ವರ್ಷದ ಸ್ಯಾಮ್ಸನ್.
'ಒಂದೂವರೆ ಟಿಕೀಟು' ಎಂದು ನಗುತ್ತಿದ್ದರು ಅವರು.

ಸಂಜೆ ಕೆತೂರಾಬಾಯಿ ನಳದ ಹತ್ತಿರ ಬಂದು
ಅವ್ವನ ಕೈ ಹಿಡಿದರು.
'ಶ್ರಾವಣದಾಗ ಕೊಡಕ್ಕ ನಿಮಗ ಬೈದಿದ್ದೆ. ಮಾಫ್ ಮಾಡ್ರಿ.'
ಅವ್ವನಿಗೆ ಮರೆತೇ ಹೋಗಿತ್ತು.
ಈಗ ನೆನಪಾಗಿ ಮುಖ ಕೆಂಪಾಯಿತು;
ಹೊಸದಾಗಿ ಸಿಟ್ಟು ಬಂದು,
ಹೊಸದಾಗಿಯೇ ಕ್ಷಮಿಸಬೇಕಾಯಿತು.

ಆ ವರ್ಷ ಅವರ ಹತ್ತನೇ ಚಂದ್ರನೂ
ನಮ್ಮ ದಸರೆಯ ದಶಮಿಯೂ ಒಂದೇ ದಿನ.
ಪೆಂಕರರ ರಜೆ ಅರ್ಜಿ
ದಸರೆಯ ಅರ್ಜಿಗಳ ಕೆಳಗೆಲ್ಲೋ ಸಿಕ್ಕಿಬಿದ್ದಿತ್ತು.

ಮಧ್ಯಾಹ್ನ ಕಾಲ್‌ಬಾಯ್ ಲಾಡ್ಲೆಸಾಬ
ಪುಸ್ತಕ ಬಗಲಲ್ಲಿಟ್ಟು ಬಾಗಿಲು ಬಡಿದ.
'ಗಾರ್ಡ್ ಸಾಬ್! ಸಿಮೆಂಟ್ ಗೂಡ್ಸ್, ಎರಡು ಗಂಟೆಗೆ!'
ಒಳಗೆ ಜೇನಿನಂತೆ ಗುನುಗುತ್ತಿದ್ದುದು ನಿಂತಿತು.
ಮತ್ತೆ ಸುರುವಾಯಿತು.

ಹೊಸ ಧೋತರದ ಅಪ್ಪ
ಹೋಳಿಗೆಯ ಕೈ ಒರೆಸುತ್ತ ಹೊರಬಂದ.
'ಅವರು ಊರಾಗಿಲ್ಲೋ. ಪುಣೇಕ್ಕ ಹೋಗ್ಯಾರ.
ನನ್ನ ಹೆಸರು ಬರಕೋ.'
ಸರಿಯಾಗಿ ಆಗಲೇ ಒಳಗೆ ಸ್ಯಾಮ್ಸನ್ ಕೆಮ್ಮಿದ.

ಲಾಡ್ಲೆಸಾಬ ಬಾಗಿಲು ನೋಡಿದ, ಅಪ್ಪನನ್ನು ನೋಡಿದ.
'ಬೆಕ್ಕು ಇರಬೇಕ್ರೀ' ಅಂದ.
ಪುಸ್ತಕ ಚಾಚಿದ.
ಅಪ್ಪ ಸಹಿ ಮಾಡಿದ. ಧೋತರ ಕಳಚಿ ಪ್ಯಾಂಟು ಹಾಕಿ
ಕೆಂಪು ಹಸಿರು ಬಾವುಟ ಸುತ್ತಿಕೊಂಡು ಹೋದ.

ಇಳಿಹೊತ್ತಿಗೆ ಮನೆಮನೆಗೆ ಬನ್ನಿ ಕೊಡುತ್ತ
ನಾನೂ ಅವ್ವನೂ ಆ ಬಾಗಿಲ ಮುಂದೆ ನಿಂತೆವು.
ಚುಕ್ಕಿ ಇನ್ನೂ ಮೂಡಿರಲಿಲ್ಲ.
ಮಾತಾಡಿಸಬಾರದು ಅವರನ್ನು, ಅವ್ವನಿಗೆ ಗೊತ್ತು.
ಹಲಗೆಗಳಿಗೇ ಮೆಲ್ಲಗೆ ಹೇಳಿದಳು,
'ಬಂಗಾರ ತಗೊಂಡು ಬಂಗಾರದಂಗ ಇರೋಣು.'
ಸಂದಿಯಲ್ಲಿ ಒಂದು ಎಸಳು ಸಿಕ್ಕಿಸಿದಳು.
ಹೊಸ್ತಿಲ ಕೆಳಗಿನ ಬೆಳಕಿನಲ್ಲಿ
ಎರಡು ಪಾದಗಳ ನೆರಳು ಬಂದು ನಿಂತಿತು.
ಅಷ್ಟೇ.

ಮರುದಿನ ಅವರದು ತಂಗಳ ಹಬ್ಬ.
ಬಾಗಿಲು ಗೋಡೆಗೆ ತಾಗುವಷ್ಟು ತೆರೆದಿತ್ತು.
ಕೆತೂರಾಬಾಯಿ ಪುರಿಗಳ ಬುಟ್ಟಿ ಹೊತ್ತು
ಪ್ಲಾಟ್‌ಫಾರ್ಮಿನ ಭಿಕ್ಷುಕರ ಕಡೆ ಹೊರಟಿದ್ದರು.
ಅಪ್ಪ ರಾಯಚೂರಿನಿಂದ ಮರಳಿದ,
ಹುಬ್ಬಿನ ತನಕ ಸಿಮೆಂಟು.

ಪೆಂಕರ್ ದಾರಿಗೆ ಅಡ್ಡ ಬಂದರು. ಧ್ವನಿ ಕಟ್ಟಿತ್ತು.
'ನನ್ನ ಸಲುವಾಗಿ ಸುಳ್ಳು ಹೇಳಿದ್ರಿ.
ನಮ್ಮ ಮ್ಯಾಲಿನ ಪುಸ್ತಕ ನಿನ್ನೆ ಸಂಜೀಗೇ ಮುಚ್ಚ್ಯಾದ.
ಆ ಸುಳ್ಳು ಈಗ ನಾ ಎಲ್ಲಿ ಬರಸಲಿ?'

ಅಪ್ಪ ಬೂಟಿನ ದಾರ ಬಿಚ್ಚುತ್ತ ಕೂತ.
'ನನ್ನ ಕಡೇನೇ ಇರಲಿ ಬಿಡ್ರೀ.
ನಮ್ಮಲ್ಲಿ ಪುಸ್ತಕ ಮುಚ್ಚಂಗೇ ಇಲ್ಲ.'

ಪೆಂಕರ್ ನಗಲಿಲ್ಲ.
ಬಿಳಿ ಅಂಗಿಯ ಜೇಬಿನಿಂದ
ಬಾಡಿದ ಬನ್ನಿ ತೆಗೆದು ಅಪ್ಪನ ಅಂಗೈಗಿಟ್ಟರು.
ಒಂದು ದಿನ ಲೇಟು.
ಗೂಡ್ಸ್ ಗಾಡಿಯವನಿಗೆ ಅದೇನು ಲೆಕ್ಕ,
ಅಪ್ಪ ಅದನ್ನು ಕಿವಿಗೆ ಸಿಕ್ಕಿಸಿಕೊಂಡು
ಕೈಕಾಲು ಸಹ ತೊಳೆಯದೆ
ತಣ್ಣನೆಯ ಫರಸಿಯ ಮೇಲೆ ಮಲಗಿಬಿಟ್ಟ.