ಸೊನ್ನೀಗಿ ದಿಕ್ಕು

ವಾಡಿ ಜಂಕ್ಷನ್ನಿನ ಹಿಂದಿನ ಓಣಿ.
ಸಿಮೆಂಟು ಧೂಳು ಕೂತ ಬೋರ್ಡಿನ ಮೇಲೆ
ಒಂದು ಬಾಣ ಬರೆದೆ.
ಉದ್ದ ಅಂದರೆ ಎಷ್ಟು, ಮೊನೆ ಅಂದರೆ ಎತ್ತ.
ವೇಗ ಇಷ್ಟೇ ನೋಡ್ರವ್ವಾ ಎಂದೆ.

ಭಾಗ್ಯವಂತಿ ಎದ್ದು ನಿಂತಳು.
"ಸರ್, ಗಾಡಿ ನಿಂತಾಗ
ಈ ಬಾಣ ಎಲ್ಲಿ ಹೋಗ್ತದ್ರೀ?"
ಸೊನ್ನೆ ಆಗ್ತದ.
"ಮತ್ತ ಸೊನ್ನೀಗಿ ದಿಕ್ಕು ಯಾವ್ದ್ರೀ?"

ಸೀಮೆಸುಣ್ಣ ಬೆರಳ ಸಂದಿಯಲ್ಲೇ ಮುರಿಯಿತು.
ನಾಳೆ ಹೇಳ್ತೀನಿ, ಕೂಡು.

ಸಂಜೆ ಶಹಾಬಾದಿನ ಕಡೆಯಿಂದ ಬಂದ ಪ್ಯಾಸೆಂಜರು
ಇನ್ನೂ ನಿಲ್ಲುವುದರೊಳಗೇ
ಪೇರಲ ಬುಟ್ಟಿ ಸೊಂಟಕ್ಕೊತ್ತಿ
ಅವಳವ್ವ ಸಾಬಮ್ಮ ಇಳಿದಳು.
ಇಳಿದವಳು ನಿಲ್ಲಲಿಲ್ಲ,
ಗಾಡಿಯ ಗುಂಟ ನಾಲ್ಕು ಹೆಜ್ಜೆ ಓಡಿದಳು.
ಐದನೆಯದಷ್ಟೇ ಅವಳದು.

"ಇಳದ್ಯಲ್ಲ ಸಾಬಮ್ಮ, ಮತ್ಯಾಕ ಓಡ್ತಿ?"
"ನಾ ಗಾಡಿ ಬಿಟ್ಟೀನ್ರೀ ಸರ್.
ಗಾಡಿ ನನ್ನ ಬಿಡಬೇಕಲ್ಲ?"

ಇಪ್ಪತ್ತೆರಡು ವರ್ಷ
ಜಡತ್ವ ಎಂದು ಬರೆಸಿ, ಅಡಿಗೆರೆ ಎಳೆಸಿ,
ಐದು ಅಂಕಕ್ಕೆ ಬಾಯಿಪಾಠ ಮಾಡಿಸಿದ್ದು ಇದನ್ನೇ.

ಬುಟ್ಟಿಯಿಂದ ಒಂದು ಕಾಯಿ ಜಾರಿತು.
ಅದೂ ಓಡಿತು ಗಾಡಿ ಬಂದ ಜೋರಿನಲ್ಲೇ,
ಶಹಾಬಾದಿ ಕಲ್ಲಿನ ಸಂದುಗಳಲ್ಲಿ ಪುಟಿದು,
ತುಸು ವಾಲಿ, ಮತ್ತೆ ತುಸು,
ನನ್ನ ಚಪ್ಪಲಿಯ ಬಳಿ ಸುಮ್ಮನಾಯಿತು.

ಅಲ್ಲಿಂದ ಕಾಣುತ್ತಿದ್ದವು ಹಳಿಗಳು:
ಒಂದು ಕಲಬುರಗಿಗೆ, ಒಂದು ಯಾದಗಿರಿಗೆ,
ಇನ್ನೊಂದು ಸಿಕಂದರಾಬಾದಿಗೆ.
ನಿಂತ ಕಾಯಿ ಯಾವುದಕ್ಕೂ ಬೆನ್ನು ಮಾಡಿರಲಿಲ್ಲ.

ಎತ್ತಿ, ಅಂಗಿಗೆ ಒರೆಸಿ,
ಅವ್ವನನ್ನು ಕರೆಯಲು ಬಂದಿದ್ದ ಹುಡುಗಿಗೆ ಕೊಟ್ಟೆ.
ಕರ್ರನೆ ಕಚ್ಚಿದಳು.
ಬಾಯಿ ತುಂಬ ಪೇರಲ, ಆದರೂ ಕೇಳಿದಳು:
"ನಾಳೆ ಅಂದೀರಿ ಸರ್,
ನೆಪ್ಪದ ಅಲ್ರೀ?"